ಸರ್ಕಲ್ಲಿನೊಳಗೆ ಕುಳಿತ ಖಾಲಾ

ಹೋದ ವಾರ ಚಿತ್ತಾಪುರದಲ್ಲಿ ನನ್ನ ಸೋದರಮಾವನ ಮಗಳ ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟ ಮುಗಿಸಿ ಕೈ ತೊಳೆಯಲು ಹೊರಗೆ ಬಂದೆ. ಪಕ್ಕದ ಮನೆಯ ಮುಂದೆ ಒಬ್ಬ ಉದ್ದ ಕತ್ತರಿ ಹಿಡಿದು ಮೆಹಂದಿ ಬೇಲಿಯನ್ನು ಸಮ ಮಾಡುತ್ತಿದ್ದ. ಕತ್ತರಿಸಿ ಬಿದ್ದ ಎಲೆಗಳು ಬಿಸಿಲಿಗೆ ಬಾಡಿ, ಹಸಿ ಒಗರಿನ ವಾಸನೆ ಬಿಡುತ್ತಿದ್ದವು. ಆ ವಾಸನೆ ಮೂಗಿಗೆ ಬಂದದ್ದೇ, ಕೈಗೆ ನೀರು ಹಾಕಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ. ಸತ್ತವರ ನೆನಪಾದರೆ ಕಣ್ಣು ತುಂಬುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಸಿಟ್ಟು ಬಂತು. ಆರಿಹೋಗಿದೆ ಎಂದುಕೊಂಡಿದ್ದ ಸಿಟ್ಟು...

ನಮ್ಮ ಪಕ್ಕದ ಮನೆಯ ಖಾಲಾ ನೆನಪಾಗಿದ್ದರು.

ಖಾಲಾ ಎಂದರೆ ತಾಯಿಯ ಅಕ್ಕತಂಗಿಯರನ್ನು ಕರೆಯುವ ಮಾತು. ಅವರು ನಮ್ಮ ಯಾರ ತಾಯಿಗೂ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಆದರೂ ನಮ್ಮ ಲೇಔಟಿನ ಹಿಂದೂ ಮನೆಯವರು, ಮುಸ್ಲಿಂ ಮನೆಯವರು, ಹಾಲು ಹಾಕುವವನು, ಕರೆಂಟಿನ ಮೀಟರ್ ಓದಲು ಬರುವವನು ಎಲ್ಲರಿಗೂ ಅವರು ಖಾಲಾ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಆ ಊರೊಂದರದೇ ಕಥೆ ಎಂದು ಉಳಿದ ಊರುಗಳವರು ನೆಮ್ಮದಿಯಿಂದ ಓದಿ ಮಡಚಿಡುತ್ತಾರೆ. ನಮ್ಮ ಕಡೆ ಸೇಡಂನಿಂದ ಹಿಡಿದು ಶಹಾಬಾದದವರೆಗೆ ರಸ್ತೆಯ ಎರಡೂ ಬದಿ ನೋಡಿದರೆ ಸಾಕು. ನಿನ್ನೆ ಮೊನ್ನೆಯವರೆಗೆ ತೊಗರಿ ಇದ್ದ ಹೊಲದಲ್ಲಿ ಇವತ್ತು ಕಲ್ಲು ನೆಟ್ಟು, ಬಣ್ಣದ ಬಾವುಟ ಹಾರಿಸಿ, ದೊಡ್ಡ ಕಮಾನು ಕಟ್ಟಿರುತ್ತಾರೆ. ಅಂಥದೇ ಒಂದು ಹೊಲ ನಮ್ಮ ಲೇಔಟ್ ಆದದ್ದು.

ನಾನು ಖಾಸಗಿ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಖಾಲಾ ಮೊದಲ ಸಲ ನನ್ನ ಮುಂದೆ ಬಂದು ಕುಳಿತದ್ದು ಸಕ್ಕರೆ ಎಷ್ಟಿದೆ ಎಂದು ತಿಳಿಯಲು. ಗುಂಡಗಿನ ಮೈ, ಬಾಯಲ್ಲಿ ಎಲೆ ಅಡಿಕೆ, ಮಂಡಿ ನೋವಿಗೆ ಹಚ್ಚಿದ ಮುಲಾಮಿನ ಘಾಟು. ಸೂಜಿ ನೋಡಿ ಮುಖ ಆ ಕಡೆ ತಿರುಗಿಸಿದರು.

"ಬೇಟಾ, ಡಾಕ್ಟರ್ ದಿನಾ ಅಡ್ಡಾಡ್ರಿ ಅಂತಾನ. ಎಲ್ಲಿ ಅಡ್ಡಾಡ್ಲಿ? ಓಣ್ಯಾಗ ನಾಯಿ, ರೋಡಿನ ಮ್ಯಾಲ ಲಾರಿ. ಅದಕ್ಕ ಹೊಸ ಲೇಔಟಿನಾಗ ಪಾರ್ಕಿನ ಮುಂದಿನ ಪ್ಲಾಟೇ ಬೇಕಂತ ಜಿದ್ದು ಮಾಡಿ ತಗೊಂಡೀನಿ" ಎಂದರು.

ಯಾವ ಲೇಔಟು ಎಂದು ಕೇಳಿದೆ. ನಾವು ತೆಗೆದುಕೊಂಡದ್ದು ಅದರ ಪಕ್ಕದ ಪ್ಲಾಟೇ! ನನ್ನ ಕೈಯಲ್ಲಿ ಸೂಜಿ ಇದ್ದದ್ದನ್ನೂ ಮರೆತು ಇಬ್ಬರೂ ನಕ್ಕೆವು. ಮನೆ ಕಟ್ಟುವ ಮೊದಲೇ ನೆರೆಹೊರೆ ಆದೆವು.

ಖಾಲಾ ಮದುವೆಯಾದಾಗಿನಿಂದ ಇದ್ದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗಂಡ ಗೂಡ್ಸ್ ಗಾಡಿಯ ಗಾರ್ಡ್. ಹೊತ್ತು ಗೊತ್ತಿಲ್ಲದ ಕೆಲಸ. ಬೇಸಗೆಯಲ್ಲಿ ಆ ಸಣ್ಣ ಮನೆ ಕಾದ ಹೆಂಚಿನಂತೆ ಆಗುತ್ತಿತ್ತಂತೆ. ಸಂಜೆ ಆದದ್ದೇ ಎಲ್ಲ ಮನೆಗಳ ಹೆಂಗಸರೂ ಕ್ವಾರ್ಟರ್ಸಿನ ನಡುವೆ ಇದ್ದ ಬೇವಿನ ಮರಗಳ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದರು. ತೆಲುಗಿನವರು, ಮರಾಠಿಯವರು, ತಮಿಳಿನವರು. ಅಲ್ಲಿಯೇ ಅಕ್ಕಿ ಆರಿಸುವುದು, ಅಲ್ಲಿಯೇ ಮಕ್ಕಳ ತಲೆ ಬಾಚುವುದು, ಅಲ್ಲಿಯೇ ಜಗಳ, ಅಲ್ಲಿಯೇ ರಾಜಿ. ಖಾಲಾ ಅದನ್ನು ಹೇಳುವಾಗ ಅವರ ದನಿ ಬೇರೆಯೇ ಆಗುತ್ತಿತ್ತು.

"ಮನ್ಯಾಗ ನಾವು ಒಬ್ಬರ ಹೇಣ್ತಿ, ಒಬ್ಬರ ಸೊಸಿ, ಒಬ್ಬರ ಅಮ್ಮ. ಬೇವಿನ ಗಿಡದ ಬುಡಕ ಬಂದ್ರ ನಾವು ನಾವೇ" ಎನ್ನುತ್ತಿದ್ದರು.

ಗಂಡ ನಿವೃತ್ತರಾಗಿ ಹೆಚ್ಚು ದಿನ ಬದುಕಲಿಲ್ಲ. ಖಾಲಾ, ಉರ್ದು ಶಾಲೆಯಲ್ಲಿ ಟೀಚರ್ ಆಗಿದ್ದ ಕಿರಿಯ ಮಗಳು ಮತ್ತು ಅಳಿಯನ ಜೊತೆ ನಮ್ಮ ಊರಿಗೆ ಬಂದರು. ಟೈರ್ ಅಂಗಡಿ ಇಟ್ಟಿದ್ದ ಅಳಿಯ ಊರೊಳಗೇ ಮನೆ ನೋಡಿದ್ದನಂತೆ. ಖಾಲಾ ಒಪ್ಪಲಿಲ್ಲ. ಏಜೆಂಟನ ಅಂಗಡಿಯ ಗೋಡೆಯ ಮೇಲಿದ್ದ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಚೌಕ ತೋರಿಸಿ, "ಇದರ ಮುಂದಿಂದೇ ಬೇಕು" ಎಂದಿದ್ದರು.

ಆ ಹಸಿರು ಚೌಕವನ್ನು ನಮಗೂ ತೋರಿಸಿಯೇ ಮಾರಿದ್ದರು. ಏಜೆಂಟ್ ಪಾಠ ಒಪ್ಪಿಸುವಂತೆ ಹೇಳಿದ್ದ: ಲೇಔಟ್ ಮಾಡುವವರು ಪಾರ್ಕಿಗೆಂದು ಜಾಗ ಬಿಡಬೇಕು, ಅಲ್ಲದೆ ಪಾರ್ಕು ಬೆಳೆಸಲಿಕ್ಕೆಂದು ಊರಿನ ಪುರಸಭೆ ಕಚೇರಿಗೆ ಶುಲ್ಕ ಕಟ್ಟಬೇಕು, ನಮ್ಮ ಸಾಹುಕಾರರು ಎರಡನ್ನೂ ಮಾಡಿದ್ದಾರೆ, ರೇಟು ಜಾಸ್ತಿ ಅನ್ನಬೇಡಿ, ಅದರಲ್ಲಿ ಪಾರ್ಕಿನದೂ ಸೇರಿದೆ. ಅಂದರೆ ಸಾಹುಕಾರರು ಕಟ್ಟಿದ ಶುಲ್ಕ ಅವರ ಜೇಬಿನದಲ್ಲ, ನಮ್ಮದೇ. ಅವರ ಕೈಯಿಂದ ದಾಟಿತು, ಅಷ್ಟೇ. ಇದನ್ನು ನಾನು ಬಹಳ ದಿನ ಯೋಚಿಸಿರಲಿಲ್ಲ. ಸಾಹುಕಾರರೂ ಕಚೇರಿಯೂ ಮಾಡಿಕೊಂಡ ಲೆಕ್ಕ, ನಮಗೇನು ಎಂದುಕೊಂಡಿದ್ದೆ. ಖಾಲಾ ಮಾತ್ರ ಹಾಗೆ ಅಂದುಕೊಂಡವರಲ್ಲ.

ಮನೆ ಕಟ್ಟಿ ಬಂದೆವು. ಎದುರಿಗೆ ಪಾರ್ಕಿನ ಜಾಗ ಇತ್ತು. ಪಾರ್ಕು ಇರಲಿಲ್ಲ. ಎರೆ ಮಣ್ಣು, ಬಳ್ಳಾರಿ ಜಾಲಿ, ಮನೆ ಕಟ್ಟಿದವರೆಲ್ಲ ತಂದು ಸುರಿದ ಒಡಕು ಇಟ್ಟಿಗೆ, ಶಹಾಬಾದಿ ಕಲ್ಲಿನ ತುಂಡು. ಮಳೆ ಬಂದರೆ ಕಾಲಿಟ್ಟಲ್ಲಿ ಚಪ್ಪಲಿ ಸಿಕ್ಕಿಕೊಳ್ಳುವ ಕೆಸರು. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ವರ್ಷ ಕಳೆಯಿತು. ಒಂದು ದಿನ ಯಾರೋ ಅದರ ಮೂಲೆಯಲ್ಲಿ ನಾಲ್ಕು ಬಿದಿರು ನೆಟ್ಟು ತಗಡು ಹೊದಿಸಲು ಶುರು ಮಾಡಿದರು. ಖಾಲಾ ಅಂಗಳದಿಂದಲೇ ಕೂಗಿ ಅವರನ್ನು ಓಡಿಸಿದರು. ಮರುದಿನ ಮಗಳ ಶಾಲೆಯ ಕಾಂಪೌಂಡಿನಿಂದ ಮೆಹಂದಿಯ ಕಡ್ಡಿಗಳನ್ನು ಕಟ್ಟು ಕಟ್ಟಾಗಿ ತರಿಸಿದರು.

"ಬೇಲಿ ಇದ್ರ ಜಾಗಕ್ಕ ಮಾಲಕರು ಅದಾರ ಅಂತ ತಿಳೀತದ. ಬರ್ರಿ ಎಲ್ಲಾರು" ಎಂದು ಮನೆ ಮನೆಗೆ ಹೋಗಿ ಕರೆದರು.

ನಾವು ಹೋದೆವು. ಲೇಔಟಿನ ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಕ್ಕ ಗುದ್ದಲಿ ತಂದಳು. ಆಕೆ ಸುಲೇಪೇಟದ ಕಡೆಯವಳು, ಗಟ್ಟಿ ಕೈ, ಮಾತು ಕಡಿಮೆ. ಜಾಗದ ಸುತ್ತ ಕಡ್ಡಿ ನೆಟ್ಟೆವು. ಸಂಜೆ ಸಂಜೆ ಕೊಡ ಹಿಡಿದು ನೀರು ಹಾಕಿದೆವು. ಅರ್ಧ ಒಣಗಿತು, ಅರ್ಧ ಹಿಡಿಯಿತು. ಒಣಗಿದ್ದಲ್ಲಿ ಮತ್ತೆ ನೆಟ್ಟೆವು. ನೋಡನೋಡುತ್ತ ಬೇಲಿ ಸೊಂಟದೆತ್ತರ ಬಂತು. ಒಳಗೆ ಕಲ್ಲು ಆರಿಸಿ, ಜಾಲಿ ಕಡಿಸಿ, ಒಂದಿಷ್ಟು ನೆಲ ಸ್ವಚ್ಛ ಮಾಡಿಕೊಂಡೆವು. ಹೆಣ್ಣುಮಕ್ಕಳು ಖೋ ಖೋ ಆಡಲು ಶುರು ಮಾಡಿದರು. ಖಾಲಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿಯ ಒಳಗಿನ ಅಂಚಿನಲ್ಲಿ ನಿಧಾನವಾಗಿ ಸುತ್ತು ಹಾಕುವರು. ಅವರ ಹಿಂದೆ ನಾನು, ನನ್ನ ಹಿಂದೆ ಕಿರಾಣಿ ಅಕ್ಕ. ಆ ವರ್ಷ ಅವರ ಸಕ್ಕರೆ ಇಳಿಯಿತು. ನಾನೇ ಕೈಯಾರೆ ಪರೀಕ್ಷೆ ಮಾಡಿ ನೋಡಿದ್ದೇನೆ.

ಹಬ್ಬಕ್ಕೆ ಎಲ್ಲ ಮನೆಯ ಹುಡುಗಿಯರೂ ಆ ಬೇಲಿಯಿಂದಲೇ ಎಲೆ ಕಿತ್ತು ಅರೆದುಕೊಳ್ಳುತ್ತಿದ್ದರು. ನಮ್ಮ ಪಂಚಮಿ, ಅವರ ಈದ್. ಎರಡಕ್ಕೂ ಒಂದೇ ಬೇಲಿ.

ಅಷ್ಟಕ್ಕೇ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಬೇಸಗೆ ಬಂದಾಗ ನೆರಳಿಲ್ಲ, ನೀರಿಲ್ಲ. ಗಿಡ ನೆಡಬೇಕೆಂದರೆ ನಲ್ಲಿ ಬೇಕು. ಖಾಲಾ ಒಂದು ಸಂಜೆ ನಡೆಯುವುದನ್ನು ನಿಲ್ಲಿಸಿ ಕೇಳಿದರು. "ಬೇಟಾ, ಪಾರ್ಕಿಂದು ಅಂತ ನಮ್ ಕಡಿಂದ ರೊಕ್ಕ ತಗೊಂಡಾರಲ್ಲ. ಅದೆಲ್ಲದ?"

ಕೇಳಿಯೇ ಬರೋಣವೆಂದು ಹೊರಟೆವು.

ಸಾಹುಕಾರರ ಬಳಿ ಹೋದೆವು. ಅವರು ನಮಗೆ ಚಹಾ ತರಿಸಿ, "ನಾ ಕಟ್ಟೀನ್ರಿ, ನನ್ನ ಕೆಲಸ ಮುಗೀತು. ಮುಂದಿಂದು ಕಚೇರಿಯವರನ್ನ ಕೇಳ್ರಿ" ಎಂದರು. ಸುಳ್ಳಲ್ಲ, ಕಟ್ಟಿದ್ದರು. ಕಚೇರಿಗೆ ಹೋದೆವು. ಅಲ್ಲಿಯ ಸಾಹೇಬರು ಒರಟರಲ್ಲ. ಕುರ್ಚಿ ಕೊಡಿಸಿದರು, ಫ್ಯಾನು ಹಾಕಿಸಿದರು. ಒರಟರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳ ಮಾಡಬಹುದಿತ್ತು. ಖಾಲಾ ಕೇಳಿದರು. ಅವರು ನಗುತ್ತ ಹೇಳಿದರು.

"ಅಮ್ಮಾರೇ, ಶುಲ್ಕ ಬಂದದ್ರಿ. ಪಾರ್ಕಿಗೇ ಖರ್ಚೂ ಆಗ್ಯದ."

"ಯಾವ ಪಾರ್ಕಿಗಿ?"

"ಬಸ್‌ಸ್ಟ್ಯಾಂಡ್ ಸರ್ಕಲ್ ನೋಡಿಲ್ಲೇನ್ರಿ? ಕಾರಂಜಿ ಮಾಡೀವಲ್ಲ. ಅದೂ ಉದ್ಯಾನದ ಲೆಕ್ಕದಾಗೇ ಬರ್ತದ. ಎಲ್ಲಾ ಲೇಔಟಿನ ಶುಲ್ಕ ಒಂದೇ ಖಾತ್ಯಾಗ ಬೀಳ್ತದ್ರಿ. ನಿಮ್ಮದು ಅಂತ ಬ್ಯಾರೆ ಇಡಲ್ಲ."

ಆ ಸರ್ಕಲ್ಲನ್ನು ದಿನಾ ನೋಡುತ್ತಿದ್ದೆ. ರಸ್ತೆಗಳು ಕೂಡುವಲ್ಲಿ ಒಂದು ಸಣ್ಣ ದುಂಡು ಜಾಗ. ಸುತ್ತ ಚೂಪು ತುದಿಯ ಕಬ್ಬಿಣದ ಸರಳು. ಒಳಗೆ ಪ್ಲಾಸ್ಟಿಕ್ ಹುಲ್ಲು, ಸಿಮೆಂಟಿನ ಎರಡು ಕೊಕ್ಕರೆ, ನಡುವೆ ಕಾರಂಜಿ. ಉದ್ಘಾಟನೆಯ ದಿನ ನೀರು ಚಿಮ್ಮಿತ್ತು. ಆಮೇಲೆ ಕಲ್ಲು ಪಾಲಿಶಿನ ಬಿಳಿ ಧೂಳೂ ಸಿಮೆಂಟ್ ಲಾರಿಗಳ ಧೂಳೂ ಕುಳಿತು ಕೊಕ್ಕರೆಗಳ ಕಣ್ಣು ಮುಚ್ಚಿಹೋಗಿದ್ದವು. ನಮ್ಮ ಮಕ್ಕಳ ಆಟದ ಬಯಲು, ನಮ್ಮ ನೆರಳು, ಖಾಲಾನ ನಡಿಗೆ, ಎಲ್ಲ ಸೇರಿ ಆ ಎರಡು ಕೊಕ್ಕರೆ!

ಖಾಲಾ ಎದ್ದರು. "ಚಲೋ ಆಯ್ತ್ರಿ ಸಾಹೇಬ್ರ. ನಮ್ಮ ಪಾರ್ಕ್ ಎಲ್ಲದ ಅಂತ ಗೊತ್ತಿದ್ದಿಲ್ಲ. ಈಗ ಗೊತ್ತಾಯ್ತು" ಎಂದರು. ಅವರು ಸೋತು ಎದ್ದರೆಂದು ನಾನು ತಿಳಿದಿದ್ದೆ. ಸಾಹೇಬರೂ ಹಾಗೆಯೇ ತಿಳಿದಿರಬೇಕು, ಬಾಗಿಲವರೆಗೂ ಬಂದು ಕೈ ಮುಗಿದರು.

ಮರುದಿನ ಸಂಜೆ ಖಾಲಾ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಚಾಪೆ, ಕಂಕುಳಲ್ಲಿ ಚಹಾದ ಫ್ಲಾಸ್ಕು. "ನಡಿ, ಪಾರ್ಕಿಗಿ ಹೋಗಾಣ" ಎಂದರು. ಕಿರಾಣಿ ಅಕ್ಕ ಆಗಲೇ ಚುರುಮುರಿಯ ಚೀಲ ಹಿಡಿದು ನಿಂತಿದ್ದಳು. ಓಣಿಯ ಇನ್ನೂ ನಾಲ್ಕೈದು ಹೆಂಗಸರು. ಎರಡು ಆಟೋದಲ್ಲಿ ತುಂಬಿಕೊಂಡು ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಇಳಿದೆವು. ಸರಳಿನ ಬೇಲಿಗೆ ಒಂದು ಸಣ್ಣ ಬಾಗಿಲಿತ್ತು. ಖಾಲಾ ಅದರ ಚಿಲಕ ಸರಿಸಿ ಒಳಗೆ ಹೋಗಿ, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಚಾಪೆ ಹಾಸಿ, ಒಂದು ಕೊಕ್ಕರೆಗೆ ಬೆನ್ನು ಆನಿಸಿ ಕುಳಿತರು. ನಾವೂ ಕುಳಿತೆವು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದಿದ್ದವು. ಲಾರಿಯವರು ಹಾರ್ನ್ ಹೊಡೆದು ನಗುತ್ತಿದ್ದರು. ಖಾಲಾ ಮಾತ್ರ ವಾಡಿಯ ಬೇವಿನ ಮರದ ಕೆಳಗೆ ಕುಳಿತವರಂತೆ ಎಲ್ಲರಿಗೂ ಚಹಾ ಬಗ್ಗಿಸಿದರು.

ಸಂಚಾರ ನೋಡಿಕೊಳ್ಳುವ ಪೊಲೀಸಿನವನು ಸೀಟಿ ಊದುತ್ತ ಓಡಿಬಂದ. ಇನ್ನೂ ಚಿಕ್ಕ ವಯಸ್ಸು.

"ಏನ್ ಮಾಡ್ಲಿಕತ್ತೀರಿ ಇಲ್ಲಿ? ಏಳ್ರಿ, ಏಳ್ರಿ! ಇಲ್ಲಿ ಕೂಡಂಗಿಲ್ಲ."

"ಯಾಕಪಾ? ಪಾರ್ಕಿನಾಗ ಕುಂದ್ರಲಿಕ್ಕ ಪರ್ಮಿಷನ್ ಬೇಕೇನು?"

"ಇದು ಪಾರ್ಕ್ ಅಲ್ರಿ ಅಮ್ಮಾ, ಸರ್ಕಲ್ ಅದ!"

ಖಾಲಾ ಬಟ್ಟಲನ್ನು ಕೆಳಗಿಟ್ಟರು. "ಖರೇ ಹೇಳ್ದಿ ನೋಡು. ನಾಳಿಗಿ ನಮ್ ಸಂಗಟ ಕಚೇರಿಗಿ ಬಾ. ಈ ಮಾತು ಅಲ್ಲಿ ಸಾಹೇಬ್ರ ಮುಂದ ಹೇಳು. ಅವರು ಇದಕ್ಕ ಪಾರ್ಕ್ ಅಂತಾರ. ನಮ್ ರೊಕ್ಕ ಹಾಕಿ ಮಾಡ್ಯಾರ. ಒಳಗ ಬಾ, ಚಹಾ ಕುಡಿ."

ಅವನು ನಕ್ಕುಬಿಟ್ಟ. ಸುತ್ತ ನಿಂತವರೂ ನಕ್ಕರು. ಆದರೆ ನಮ್ಮ ಕಿರಾಣಿ ಅಕ್ಕ ನಗಲಿಲ್ಲ. ಎದ್ದು ನಿಂತು, ಜನರ ಕಡೆ ತಿರುಗಿ, ಯಾವ ಲೇಔಟಿನವರು, ಏನು ಕಟ್ಟಿದ್ದೇವೆ, ಏನು ಸಿಕ್ಕಿದೆ ಎಂದು ಒಂದೊಂದೇ ಮಾತಿನಲ್ಲಿ ಹೇಳಿದಳು. ನಗು ನಿಂತಿತು. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಸರಳಿನ ಆಚೆಯಿಂದ, "ನಮ್ ಲೇಔಟಿಂದೂ ಇದೇ ಹಣೇಬರಹ ಯವ್ವಾ" ಎಂದಳು.

ಆ ವಾರವೆಲ್ಲ ಸಂಜೆಗೆ ಅಲ್ಲಿಗೇ ಹೋದೆವು. ಹೋದಂತೆಲ್ಲ ಬೇರೆ ಬೇರೆ ಲೇಔಟಿನ ಹೆಂಗಸರೂ ಬಂದು ಕೂಡಿಕೊಂಡರು, ಚಾಪೆ ಸಾಲದೆ ಹೋಯಿತು. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಊರೆಲ್ಲ ಹರಿದಾಡಿತು. ಕೊನೆಗೆ ಸಾಹೇಬರೇ ಸರ್ಕಲ್ಲಿಗೆ ಬಂದು, ಇಳಿಬಿಸಿಲಲ್ಲಿ ನಿಂತು, ನಿಮ್ಮ ಲೇಔಟಿನ ಪಾರ್ಕನ್ನು ಈ ವರ್ಷವೇ ಮಾಡಿಕೊಡುತ್ತೇವೆ ಎಂದು ಎಲ್ಲರ ಎದುರು ಮಾತು ಕೊಟ್ಟರು. ಖಾಲಾ ಚಾಪೆ ಸುತ್ತಿಕೊಂಡರು. ಗೆದ್ದೆವು ಎಂದುಕೊಂಡೆವು...

ಮಾತು ಉಳಿಸಿಕೊಂಡರು. ಹೇಗೆ ಉಳಿಸಿಕೊಂಡರು ಎಂಬುದನ್ನು ಕೇಳಿ. ಒಂದು ಬೆಳಿಗ್ಗೆ ಜೆಸಿಬಿ ಬಂತು. ಮೊದಲು ಕೈ ಹಾಕಿದ್ದೇ ಮೆಹಂದಿ ಬೇಲಿಗೆ. ಖಾಲಾ ಓಡಲಾರದ ಕಾಲಿನಲ್ಲಿ ಓಡಿ ಬಂದು ಅಡ್ಡ ನಿಂತರು. ಕಾಂಟ್ರ್ಯಾಕ್ಟರನ ಕಡೆಯವನು, "ಎಸ್ಟಿಮೇಟಿನಾಗ ಬೇಲಿ ಇಲ್ರಿ, ಗೋಡಿ ಅದ" ಎಂದ. ಬೇಲಿಯ ಒಳಗೆ ಗೋಡೆ ಕಟ್ಟಪ್ಪಾ ಎಂದರು. ಅಳತೆ ತಪ್ಪುತ್ತದೆ ಎಂದ. ನಾವು ಕೊಡ ಹೊತ್ತು ಬೆಳೆಸಿದ್ದ ಬೇಲಿ ಬೇರು ಮೇಲಾಗಿ ಬಿದ್ದಿತು. ಇಡೀ ಓಣಿಗೆ ಅದೇ ವಾಸನೆ. ಚಿತ್ತಾಪುರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಾಸನೆ ಅದು.

ಗೋಡೆ ಎದ್ದಿತು. ಆಳೆತ್ತರಕ್ಕಿಂತ ಎತ್ತರ. ಪಾರ್ಕಿಗೆ ಅಷ್ಟು ಎತ್ತರದ ಗೋಡೆ ಯಾಕೆ ಎಂದು ಕೇಳಿದರೆ ಉತ್ತರ ಅದೇ, ಎಸ್ಟಿಮೇಟ್. ಒಳಗೆ ಸಿಮೆಂಟಿನ ದಾರಿ, ಸಿಮೆಂಟಿನ ಬೆಂಚು, ಸಿಮೆಂಟಿನ ಜಿಂಕೆ. ಕಬ್ಬಿಣದ ದೊಡ್ಡ ಗೇಟು. ಕೆಲಸ ಮುಗಿದ ದಿನ ಗೇಟಿಗೆ ಬೀಗ ಜಡಿದು ಹೋದರು.

ಒಂದು ತಿಂಗಳು ನೋಡಿದೆವು. ಎರಡು ತಿಂಗಳು ನೋಡಿದೆವು. ಕಚೇರಿಗೆ ಹೋಗಿ ಕೇಳಿದರೆ, "ಉದ್ಘಾಟನಾ ಆಗಿಲ್ರಿ. ದೊಡ್ಡವರು ಡೇಟ್ ಕೊಡ್ಬೇಕು" ಎಂದರು. ದೊಡ್ಡವರಿಗೆ ಪುರಸೊತ್ತು ಇರಲಿಲ್ಲ. ಚುನಾವಣೆ ಬಂತು, ನೀತಿ ಸಂಹಿತೆ ಎಂದರು. ಚುನಾವಣೆ ಹೋಯಿತು, ಆಷಾಢ ಎಂದರು. ಆಷಾಢವೂ ಕಳೆದು ಚಳಿಗಾಲ ಬಂದರೂ ಬೀಗ ತೆಗೆಯಲಿಲ್ಲ. ನಮ್ಮದೇ ಜಾಗ, ನಮ್ಮದೇ ಶುಲ್ಕ. ಮೊದಲು ಕಲ್ಲು ಮುಳ್ಳಿನ ನಡುವೆಯಾದರೂ ಒಳಗೆ ಹೋಗುತ್ತಿದ್ದೆವು. ಈಗ ಚೆಂದದ ಗೋಡೆಯ ಹೊರಗೆ ನಿಂತೆವು. ಖೋ ಖೋ ಆಡುತ್ತಿದ್ದ ಹುಡುಗಿಯರು ಮನೆ ಸೇರಿದರು.

ಮತ್ತು ಖಾಲಾ ನಡೆಯಲು ರಸ್ತೆಗೆ ಹೋದರು.

ಹೋಗಬೇಡಿ ಎಂದು ನಾನೂ ಹೇಳಿದ್ದೆ, ಮಗಳೂ ಹೇಳಿದ್ದಳು. "ಮತ್ತ ಎಲ್ಲಿ ಅಡ್ಡಾಡ್ಲಿ? ಸಕ್ರಿ ಏರಿದ್ರ ನೀನೇ ಬೈತಿ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಬೆಳಿಗ್ಗೆ ಬಿಸಿಲೇರುವ ಮೊದಲು ಹೆದ್ದಾರಿಯ ಅಂಚಿನಲ್ಲಿ ಒಬ್ಬರೇ ನಡೆಯುತ್ತಿದ್ದರು. ಕ್ವಾರಿಯ ಕಲ್ಲು ತುಂಬಿದ ಲಾರಿಗಳು ಅದೇ ಹೊತ್ತಿಗೆ ಹೊರಡುತ್ತವೆ. ಒಂದು ದಿನ ಎದುರಿನಿಂದ ಎರಡು ಲಾರಿ ಒಟ್ಟಿಗೆ ಬಂದವು. ಖಾಲಾ ಸರಿಯಲು ಹೋಗಿ ರಸ್ತೆಯಂಚಿನ ಗರಸು ಮಣ್ಣಿನ ಮೇಲೆ ಕಾಲು ಜಾರಿದರು. ಲಾರಿಯ ಹಿಂಬದಿ ತಗುಲಿತು. ಸೊಂಟದ ಎಲುಬು ಮುರಿಯಿತು.

ಆ ಡ್ರೈವರನನ್ನು ನಾನು ಬೈಯಲಾರೆ. ಅವನು ಓಡಿಹೋಗಲಿಲ್ಲ. ಖಾಲಾನನ್ನು ತನ್ನ ಕೈಯಲ್ಲೇ ಎತ್ತಿ ಆಸ್ಪತ್ರೆಗೆ ತಂದ. ಆಸ್ಪತ್ರೆಯ ಪಕ್ಕದಲ್ಲೇ ಇದ್ದ ನಮ್ಮ ಲ್ಯಾಬಿನ ಹೊರಗೆ ಕುಳಿತು ಅಳುತ್ತಿದ್ದ. ನನ್ನ ಸಿಟ್ಟು ಬೇರೆಯವರ ಮೇಲೆ. ಖಾಲಾನ ಮನೆ ಬಾಗಿಲಿನ ಎದುರಿಗೇ ನಡೆಯುವ ದಾರಿ ಸಿದ್ಧವಿತ್ತು. ಬೀಗ ಹಾಕಿ, ಒಬ್ಬರ ಕತ್ತರಿಗೂ ರಿಬ್ಬನ್ನಿಗೂ ಕಾಯುತ್ತ ಬಿದ್ದಿತ್ತು.

ಕಲಬುರಗಿಯಲ್ಲಿ ಆಪರೇಶನ್ ಆಯಿತು. ಸಕ್ಕರೆಯಿಂದಾಗಿ ಗಾಯ ಮಾಯಲಿಲ್ಲ. ಮನೆಗೆ ಕರೆತಂದರು. ನಾನು ಕೆಲಸ ಮುಗಿಸಿ ಹೋಗಿ ರಕ್ತ ತೆಗೆದುಕೊಂಡು ಬರುತ್ತಿದ್ದೆ. ಖಾಲಾ ನವಾರಿನ ಹೊರಸಿನ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಪಾರ್ಕು ಕಾಣಲೆಂದು ಇಡಿಸಿದ್ದ ಕಿಟಕಿ ಅದು. ಈಗ ಕಾಣುತ್ತಿದ್ದದ್ದು ಗೋಡೆ.

"ಇನ್ನಾ ತೆಗ್ದಿಲ್ಲೇನು?" ಎಂದು ಒಂದು ಸಂಜೆ ಕೇಳಿದರು.

"ಡೇಟ್ ಸಿಕ್ಕಿಲ್ಲಂತ್ರಿ ಖಾಲಾ."

"ಅವರಿಗಿಂತ ಮೊದಲ ನಂದೇ ಡೇಟ್ ಬರ್ತದೇನೋ" ಎಂದು ನಕ್ಕರು.

ನಾನು ನಗಲಿಲ್ಲ. ಸಿರಿಂಜನ್ನು ಡಬ್ಬಿಯಲ್ಲಿಟ್ಟು ನೇರ ಕಿರಾಣಿ ಅಂಗಡಿಗೆ ಹೋಗಿ, ಖಾಲಾ ಹೇಳಿದ್ದನ್ನು ಅಕ್ಕನಿಗೆ ಹೇಳಿದೆ. ಅವಳು ತಕ್ಕಡಿಯ ಪಕ್ಕದಲ್ಲಿದ್ದ ಐದು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಎತ್ತಿಕೊಂಡು, ಅಂಗಡಿ ತೆರೆದಿಟ್ಟೇ ಹೊರಟಳು. ಇನ್ನೂ ಹೊತ್ತು ಮುಳುಗಿರಲಿಲ್ಲ, ಓಣಿಯಲ್ಲೆಲ್ಲ ಜನ. ಗೇಟಿನ ಮುಂದೆ ನಿಂತು ಬೀಗದ ಮೇಲೆ ಹೊಡೆದಳು. ಮೊದಲ ಏಟಿಗೆ ಮನೆಗಳ ಬಾಗಿಲು ತೆರೆದವು. ಆಮೇಲೆ ಇನ್ನೊಬ್ಬಳು ಕಲ್ಲು ಇಸಿದುಕೊಂಡಳು, ಆಮೇಲೆ ನಾನು. ಕೊಂಡಿ ಕಿತ್ತು ಬಂತು.

ಮಗಳು, ಅಳಿಯ, ನನ್ನ ಗಂಡ, ಕಿರಾಣಿ ಅಕ್ಕ ಹೊರಸಿನ ನಾಲ್ಕು ಕಾಲು ಹಿಡಿದರು. ಖಾಲಾ "ಬ್ಯಾಡ, ಬ್ಯಾಡ, ಬೀಳಿಸ್ತೀರಿ ನನಗ" ಎಂದು ಬೈಯುತ್ತಲೇ ಒಳಗೆ ಬಂದರು. ಹೊರಸನ್ನು ಪಾರ್ಕಿನ ನಡುವೆ ಇಟ್ಟೆವು. ಹುಡುಗಿಯರು ಸುತ್ತ ಓಡತೊಡಗಿದರು. ನಾವೆಲ್ಲ ಖಾಲಾ ಏನನ್ನುತ್ತಾರೋ ಎಂದು ಮುಖ ನೋಡುತ್ತ ನಿಂತೆವು. ಅವರು ತಲೆ ಆ ಕಡೆ ಈ ಕಡೆ ತಿರುಗಿಸಿ ಬೆಂಚು ನೋಡಿದರು, ಜಿಂಕೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಗಿಡ ಎಲ್ಲವ? ಒಂದು ಗಿಡರೇ ಹಚ್ಯಾರೇನು? ಬರೇ ಸಿಮೆಂಟ್ ಮಾಡ್ಯಾರಲ್ಲ! ಮಧ್ಯಾಹ್ನದಾಗ ಈ ಬೆಂಚಿನ ಮ್ಯಾಲ ಯಾರು ಕುಂದರ್ತಾರ? ರೊಟ್ಟಿ ಹಾಕಿದ್ರ ಬೇಯ್ತದ. ನಾಳಿಗೇ ಬೇವಿನ ಸಸಿ ತರ್ರಿ..."

ಹಾಗೆ ಬಹಳ ಹೊತ್ತು ಬೈದರು. ಬೈಯುವುದು ಮುಗಿದ ಮೇಲೆ ಸುಮ್ಮನೆ ಮಲಗಿ, "ಆದ್ರೂ ಗಾಳಿ ಬರ್ಲಿಕತ್ತದ" ಎಂದರು.

ಮರುದಿನ ಕಚೇರಿಯಿಂದ ಒಬ್ಬರು ಬಂದು, ಸರ್ಕಾರಿ ಆಸ್ತಿ ಒಡೆದಿದ್ದೀರಿ, ಕೇಸ್ ಹಾಕುತ್ತೇವೆ ಎಂದರು. "ಹಾಕ್ರಿ. ಕೋರ್ಟಿನಾಗ ನಾವೂ ಕೇಳ್ತೀವಿ" ಎಂದಳು ಕಿರಾಣಿ ಅಕ್ಕ. ಹೊಸ ಬೀಗ ಹಾಕಿದರು, ಒಡೆದೆವು. ಮತ್ತೆ ಹಾಕಲಿಲ್ಲ. ಆ ಬೇಸಗೆಯ ಉಳಿದ ಸಂಜೆಗಳಲ್ಲಿ ಖಾಲಾನ ಹೊರಸು ಪಾರ್ಕಿಗೆ ಬಂದು ಹೋಗುತ್ತಿತ್ತು. ಬೇವಿನ ಸಸಿ ತಂದು ಅವರ ಕಣ್ಣೆದುರಿಗೆ ನೆಟ್ಟೆವು. ಹೊಂಡ ಸಣ್ಣದಾಯಿತು ಎಂದು ಎರಡು ಸಲ ತೆಗೆಸಿದರು.

ಮುಂಗಾರಿನ ಮಿರ್ಗದ ಮಳೆ ಬೀಳುವ ಮೊದಲೇ ಅವರು ಹೋದರು. ಗಾಯದ ನಂಜು ರಕ್ತಕ್ಕೆ ಏರಿತ್ತು. ಕೊನೆಯ ಪರೀಕ್ಷೆಯ ಫಲ ಬಂದಾಗ ಅದನ್ನು ಮೊದಲು ನೋಡಿದವಳು ನಾನು. ಮಗಳಿಗೆ ಹೇಳಲು ಅವರ ಮನೆಯ ಮೆಟ್ಟಿಲು ಹತ್ತಿದ್ದು, ಆ ಮೆಟ್ಟಿಲ ಮೇಲೆ ಅವಳು ನನ್ನ ಮುಖ ನೋಡಿದ್ದು... ಅದನ್ನು ಬರೆಯಲಾರೆ.

ಅವರು ಹೋದ ಮೇಲೆ ದೊಡ್ಡವರಿಗೆ ಪುರಸೊತ್ತು ಸಿಕ್ಕಿತು. ಶಾಮಿಯಾನ ಹಾಕಿದರು. ನರ್ಸರಿಯಿಂದ ಹೂವಿನ ಕುಂಡಗಳನ್ನು ಬಾಡಿಗೆಗೆ ತಂದು ದಾರಿಯುದ್ದಕ್ಕೂ ಇಟ್ಟರು, ಫೋಟೋ ತೆಗೆದಾದ ಮೇಲೆ ಟೆಂಪೋದಲ್ಲಿ ತುಂಬಿಕೊಂಡು ಹೋದರು. ಗೇಟಿನ ಪಕ್ಕ ಕರಿ ಕಲ್ಲಿನ ಮೇಲೆ ಹೆಸರುಗಳನ್ನು ಕೆತ್ತಿಸಿದ್ದರು. ಒಬ್ಬರೂ ನಮ್ಮ ಓಣಿಯವರಲ್ಲ.

ಈಗ ಅದೆಲ್ಲ ಆಗಿ ಕೆಲವು ವರ್ಷ ಕಳೆದವು. ಪಾರ್ಕಿನಲ್ಲಿ ನಲ್ಲಿ ಇದೆ, ನೀರಿಲ್ಲ. ನಾವೇ ನೆಟ್ಟ ಸಸಿಗಳಿಗೆ ಮನೆಯಿಂದಲೇ ನೀರು ಹೊರುತ್ತೇವೆ. ಊರಿನ ಆ ಬದಿ ಇನ್ನೂ ಎರಡು ಲೇಔಟ್ ಎದ್ದಿವೆ. ಅವುಗಳ ಶುಲ್ಕವೂ ಬಂದಿರಬೇಕು, ಏಕೆಂದರೆ ರೈಲ್ವೆ ಗೇಟಿನ ಬಳಿ ಹೊಸ ಸರ್ಕಲ್ ಕಟ್ಟುತ್ತಿದ್ದಾರೆ.

ಚಿತ್ತಾಪುರದಿಂದ ಬಂದ ಮೇಲೆ ಮನಸ್ಸು ತಡೆಯದೆ ಕಿರಾಣಿ ಅಕ್ಕನ ಜೊತೆ ಮತ್ತೆ ಕಚೇರಿಗೆ ಹೋದೆ. ಸಾಹೇಬರು ಬದಲಾಗಿದ್ದಾರೆ. ಇವರೂ ಒರಟರಲ್ಲ. ನೀರಿನ ಮಾತು ಎತ್ತಿದೆ. ಮುಂದಿನ ವರ್ಷ ನೋಡೋಣ ಎಂದರು. ಖಾಲಾನ ಕಥೆಯನ್ನೂ ಹೇಳಿದೆ. ಕೇಳಿ ಅವರ ಮುಖ ಅರಳಿತು.

"ಹಂಗಾದ್ರ ಒಂದು ಕೆಲಸ ಮಾಡೋಣ್ರಿ. ಪಾರ್ಕಿಗಿ ಆ ಅಮ್ಮಾರ ಹೆಸರೇ ಇಡೋಣ. ಅರ್ಜಿ ಕೊಡ್ರಿ, ಮುಂದಿನ ಸಭೆದಾಗೇ ಪಾಸ್ ಮಾಡಿಸ್ತೀನಿ."

ನೀರಿಗೆ ಮುಂದಿನ ವರ್ಷ. ಹೆಸರಿಗೆ ಮುಂದಿನ ಸಭೆ. ಹೆಸರಿಗೆ ಪೈಪು ಹಾಕಬೇಕಿಲ್ಲ, ಮೋಟರ್ ಕೂಡಿಸಬೇಕಿಲ್ಲ.

"ಹೆಸರು ಬ್ಯಾಡ್ರಿ, ನೀರ ಬಿಡ್ರಿ" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗಿನ ಬೆಂಚಿನಲ್ಲಿ ಕುಳಿತವರು ಬಾಗಿಲಿಗೆ ಬಂದು ಇಣುಕಿದರು. ಸಾಹೇಬರಿಗೆ ಬೇಜಾರಾಯಿತು. ಒಳ್ಳೆಯದು ಮಾಡಲು ಹೋದರೆ ಹೀಗಾ ಎಂಬಂತೆ ನೋಡಿದರು.

ವಾಪಸು ಬರುವಾಗ ಲೇಔಟಿನ ಕಮಾನು ದಾಟಿದ ಮೇಲೆ ಅಕ್ಕ, "ಹೆಸರು ಇದ್ದಿದ್ರ ಏನಾಗ್ತಿತ್ತವಾ, ಇರಲಿ ಅನ್ನಬೇಕಿತ್ತು" ಎಂದಳು. ಅವಳಿಗೆ ಹೇಳಬೇಕಿದ್ದದ್ದು ಮನೆಗೆ ಬಂದ ಮೇಲೆ ಹೊಳೆಯಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಗೇಟಿನ ಕಲ್ಲಿನ ಮೇಲೆ ಖಾಲಾನ ಹೆಸರು ನಮಗೆ ಬೇಕಾಗಿರಲಿಲ್ಲ. ನಮಗೆ ಖಾಲಾ ಬೇಕಾಗಿದ್ದರು. ಎದುರಿನ ಮನೆಯಿಂದ ಚಪ್ಪಲಿ ಮೆಟ್ಟಿ ಬಂದು, ದಿನಕ್ಕೆ ಅರ್ಧ ತಾಸು ಅಲ್ಲಿ ನಡೆದು, ನಮ್ಮನ್ನೆಲ್ಲ ಬೈದು, ಮನೆಗೆ ಹೋಗುವ ಖಾಲಾ. ಅಷ್ಟಕ್ಕೆ ಒಂದು ಬೀಗ ತೆಗೆದಿದ್ದರೆ ಸಾಕಿತ್ತು.